ಹಿಂಬದಿಯ ಮೆಟ್ಟಿಲು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಡುವವನು ನಾನು. ಹೇಳಿದವನು ಕೆಟ್ಟವನಾದರೆ ಅದರಲ್ಲಿ ನನ್ನ ತಪ್ಪೇನು?"

ಗುರುಗಳು ಹೇಳಿದರು:

ಅಮೆರಿಕದ ದಕ್ಷಿಣ ಸೀಮೆಯಲ್ಲಿ ಒಬ್ಬ ವಾಸ್ತುಶಿಲ್ಪಿ ಇದ್ದ. ಬಡಗಿಯ ಮಗ. ನಕ್ಷೆ ಬರೆಯುವುದನ್ನು ತಾನೇ ಕಲಿತ. ಇಪ್ಪತ್ತು ವರ್ಷಗಳಲ್ಲಿ ಆ ಸೀಮೆಯ ಒಂಬತ್ತು ಊರುಗಳಿಗೆ ನ್ಯಾಯಾಲಯ ಕಟ್ಟಿಸಿಕೊಟ್ಟ. ಒಂಬತ್ತರ ಅಡಿಗಲ್ಲಿನ ಮೇಲೂ ಅವನ ಹೆಸರು ಕೆತ್ತಿದರು.

ಆ ಊರುಗಳಲ್ಲಿ ಒಂದು ಕಟ್ಟಳೆ ಇತ್ತು. ಬಿಳಿಯರು ಮುಂಬಾಗಿಲಿನಿಂದ ಬಂದು ಕೆಳಗೆ ಕೂರಬೇಕು. ಕಪ್ಪು ಜನ ಹಿಂಬದಿಯ ಮೆಟ್ಟಿಲು ಹತ್ತಿ ಅಟ್ಟಣಿಗೆಯಲ್ಲಿ ಕೂರಬೇಕು. ಮುಂದಿನ ಮೆಟ್ಟಿಲು ಕಲ್ಲಿನದು, ನಾಲ್ವರು ಜೊತೆಯಾಗಿ ಇಳಿಯುವಷ್ಟು ಅಗಲ. ಹಿಂದಿನದು ಮರದ್ದು, ಒಬ್ಬ ಹಿಡಿಸಿದರೆ ಹೆಚ್ಚು. ನ್ಯಾಯ ಹೇಳುವ ಮನೆಯಂತೆ ಅದು! ಎರಡನ್ನೂ ಬರೆದದ್ದು ಅವನದೇ ಕೈ.

ಹತ್ತನೆಯದರ ಗೋಡೆ ಏಳುತ್ತಿದ್ದಾಗ ಗಾರೆ ಮೇಸ್ತ್ರಿ ಅವನನ್ನು ತಡೆದ. ಮೇಸ್ತ್ರಿ ಕಪ್ಪು ಮನುಷ್ಯ.

"ಸ್ವಾಮಿ, ಮೇಲೆ ಇನ್ನೂರು ಜನ ಕೂರುತ್ತೇವೆ. ಬೆಂಕಿ ಬಿದ್ದರೆ ಇಳಿಯುವುದು ಹೇಗೆ? ನಕ್ಷೆಯಲ್ಲಿ ನಮಗೆ ರೆಕ್ಕೆ ಏನಾದರೂ ಬರೆದಿದ್ದೀರಾ?"

"ಊರಿನವರು ಕೇಳಿದ್ದನ್ನು ನಾನು ಬರೆದಿದ್ದೇನೆ. ನಾನು ಬರೆದದ್ದನ್ನು ನೀನು ಕಟ್ಟು."

ಮೇಸ್ತ್ರಿ ಕಟ್ಟಿದ.

ಮೂರನೆಯ ವರ್ಷ, ವಿಚಾರಣೆ ನಡೆಯುತ್ತಿದ್ದ ಹಗಲಿನಲ್ಲೇ ಬೆಂಕಿ ಬಿತ್ತು. ಕೆಳಗಿದ್ದವರು ಟೋಪಿ ಹುಡುಕಿಕೊಂಡು ಹೊರಗೆ ಬಂದರು. ಮರದ ಮೆಟ್ಟಿಲು ಎಲ್ಲಕ್ಕಿಂತ ಮೊದಲು ಉರಿಯಿತು. ಮೇಲೆ ಇನ್ನೂರು ಜನ ಸಿಕ್ಕಿಬಿದ್ದರು. ಅವರಲ್ಲಿ ಮೇಸ್ತ್ರಿಯ ಮಗಳೂ ಇದ್ದಳು.

ಅಟ್ಟಣಿಗೆಯ ಗೋಡೆಗೆ ಪಕ್ಕದ ಸೆರೆಮನೆಯ ಚಾವಣಿ ತಾಗಿಕೊಂಡಿತ್ತು. ಓಡಿಬಂದ ಮೇಸ್ತ್ರಿ ಸುತ್ತಿಗೆ ಹಿಡಿದು ಚಾವಣಿ ಹತ್ತಿದ. ಗೋಡೆಯ ಒಂದು ಜಾಗ ನೋಡಿ ಹೊಡೆದ. ಆರನೆಯ ಪೆಟ್ಟಿಗೆ ಇಟ್ಟಿಗೆಗಳು ಒಳಗೆ ಕುಸಿದವು. ಒಬ್ಬೊಬ್ಬರಾಗಿ ಇನ್ನೂರು ಜನವೂ ಹೊರಗೆ ಬಂದರು. ಮಗಳು ಬಂದದ್ದು ಎಲ್ಲರಿಗಿಂತ ಕೊನೆಗೆ.

ಮರುದಿನ ವಾಸ್ತುಶಿಲ್ಪಿ ಬಂದು ಬಿದ್ದ ಇಟ್ಟಿಗೆಯೊಂದನ್ನು ಎತ್ತಿ ನೋಡಿದ. ಅದಕ್ಕೆ ಅಂಟಿದ್ದು ಸುಣ್ಣದ ಗಾರೆಯಲ್ಲ, ಬರೀ ಕೆಸರು. ಮೇಸ್ತ್ರಿಯನ್ನು ಕರೆಸಿದ.

"ನನ್ನ ಗೋಡೆಗೆ ಕೆಸರು ಮೆತ್ತಿದೆಯಾ?"

"ಒಂದು ಬಾಗಿಲಿನಷ್ಟು ಅಗಲ ಮಾತ್ರ, ಸ್ವಾಮಿ. ನೀವು ಬರೆಯದೆ ಬಿಟ್ಟ ಬಾಗಿಲು ಅದು."

ಒಂದು ಜೀವವನ್ನೂ ಬಲಿಗೊಡದ ಕಟ್ಟಡ ಎಂದು ಪತ್ರಿಕೆಗಳು ವಾಸ್ತುಶಿಲ್ಪಿಯನ್ನು ಹೊಗಳಿದವು. ಅವನು ಬಾಯಿ ಬಿಡಲಿಲ್ಲ. ಪಕ್ಕದ ಊರಿನವರು ತಮ್ಮ ನ್ಯಾಯಾಲಯವನ್ನೂ ಅವನಿಗೇ ಒಪ್ಪಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ಅಲ್ಲಾದರೂ ಹಿಂದಿನ ಮೆಟ್ಟಿಲನ್ನು ಅಗಲ ಮಾಡಿದನೇ?"

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: "ಇಲ್ಲ, ಮೇಸ್ತ್ರಿಯನ್ನು ಬದಲಾಯಿಸಿದ."