ಅಧಿಕ ಮಾಸ ಮರೆತ ಸರ್ವರ್

ಹುಬ್ಬಳ್ಳಿಯಲ್ಲಿ ವಾದಿರಾಜ ಅಂತ ಒಬ್ಬ ಇಂಜಿನಿಯರ್ ಇದ್ದ. ಗಿರ್ಮಿಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಆಫೀಸು. ಅಲ್ಲಿ ನಡೆಸುತ್ತಿದ್ದದ್ದು 'ದನಿಪೆಟ್ಟಿಗೆ' ಅನ್ನೋ ಆ್ಯಪ್. ಜನ ತಮಗೆ ಬೇಕಾದವರ ದನಿಯನ್ನು ಅದರಲ್ಲಿ ಜೋಪಾನ ಮಾಡಿ ಇಡೋರು. ದನಿಯೆಲ್ಲ ಹೋಗಿ ಕ್ಲೌಡಿನಲ್ಲಿ ಕೂರೋದು. ಕ್ಲೌಡ್ ಅಂದ್ರೆ ಮೇಲೆ ನೋಡಬೇಡಿ, ಕತ್ತು ಉಳುಕುತ್ತೆ. ಅದು ಯಾವುದೋ ದೂರದೂರಲ್ಲಿ ಗರ್ ಅಂತ ಫ್ಯಾನ್ ತಿರುಗಿಸಿಕೊಂಡು ಕೂತ ಬೇರೆಯವರ ಕಂಪ್ಯೂಟರು, ಅಷ್ಟೇ.

ಅದರಲ್ಲಿ ವಾದಿರಾಜನ ಅವ್ವನ ದನಿಯೂ ಇತ್ತು. ಅವ್ವ ತೀರಿಕೊಂಡು ಬಹಳ ಕಾಲವಾಗಿತ್ತು. ಉಳಿದದ್ದು ಒಂದೇ ಒಂದು ವಾಯ್ಸ್ ಮೆಸೇಜು. ಅದೂ ಬೈಗುಳ, ಕೇಳದೆ ಹಳೇ ಸೌಟು ಎಸೆದದ್ದಕ್ಕೆ.

"ವಾದ್ಯಾ, ನನ್ನ ಹಿತ್ತಾಳಿ ಸೌಟು ಒಗದಿ ಏನೋ? ಹಿಡಿಕಿ ಮುರದ್ರ ಏನಾತು? ಒಗಿಯೋ ಮುಂದ ಒಂದ್ ಮಾತು ಕೇಳಬಾರ್ದೇನೋ, ಖೋಡಿ!"

ಆ 'ಖೋಡಿ' ಅನ್ನುವಾಗ ಅವ್ವನಿಗೆ ನಗು ತಡೆಯೋಕಾಗಿರಲಿಲ್ಲ. ಮಾತು ಅರ್ಧ, ನಗು ಅರ್ಧ. ಆ ನಗುವಿಗಾಗಿಯೇ ಅವನು ಕೇಳುತ್ತಿದ್ದದ್ದು. ದಿನಾ ಕೇಳಿದರೆ ಸವೆದು ಹೋದೀತು ಅಂತ ಭಯ. ಅದಕ್ಕೇ ವರ್ಷಕ್ಕೊಮ್ಮೆ, ಅವ್ವನ ಶ್ರಾದ್ಧದ ದಿನ ಊಟವಾದ ಮೇಲೆ, ಅಟ್ಟದ ಮೆಟ್ಟಿಲ ಮೇಲೆ ಒಬ್ಬನೇ ಕೂತು ಕೇಳೋನು. ಉಳಿದ ದಿನವೆಲ್ಲ ಆ ದಿನಕ್ಕೆ ಕಾಯೋದೇ. ಫೋನು ಬದಲಿಸಿದಾಗಲೂ ಇನ್ನೊಂದು ಕಾಪಿ ಇಟ್ಟುಕೊಳ್ಳಲಿಲ್ಲ. "ಕ್ಲೌಡಿನ್ಯಾಗ ಅದ, ಎಲ್ಲಿ ಹೋಗ್ತದ?" ಅಂದ.

ಒಮ್ಮೆ ಸರ್ವರಿನ ಹೊಟ್ಟೆ ತುಂಬಿ ಆ್ಯಪ್ ಏದುಸಿರು ಬಿಡೋಕೆ ಶುರು ಮಾಡಿತು. ವಾದಿರಾಜ ಒಂದು ನಿಯಮ ಬರೆದ: ಒಂದು ವರ್ಷ ಯಾರೂ ತೆಗೆದು ಕೇಳದ ದನಿ ತಾನಾಗೇ ಅಳಿದುಹೋಗಲಿ. ಅವನಿಗೆ ಕೆಲಸ ಕಲಿಸಿದ ತಸ್ಲೀಮಾ ಮೇಡಂ ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಯಾರೂ ಮುಟ್ಟಿಲ್ಲಂದ್ರ ಯಾರಿಗೂ ಬ್ಯಾಡ ಅಂತ ಹೆಂಗ ತಿಳಕೊಂಡಿ ವಾದಿ? ಅಳಸೂ ಮೊದ್ಲ ಅವ್ರನ್ನ ಕೇಳು."

"ಕೇಳಿದ್ರ ಎಲ್ಲಾರೂ ಬೇಕು ಅಂತಾರ್ರೀ ಮೇಡಂ. ಹರಕ ಚಪ್ಲಿನೂ ಬೇಕು ಅಂತಾರ."

"ನಿಂದೇನರ ಅದರಾಗ ಐತೋ ಇಲ್ಲೋ?"

"ಅದ ರೀ. ನಾ ವರ್ಷಕ್ಕೊಮ್ಮೆ ಕೇಳೇ ಕೇಳ್ತೀನಿ. ನಂದು ಸೇಫ್!"

"ಬ್ಯಾಕಪ್ ಆದ್ರೂ ಭಾಳ ದಿನ ಇಡಪಾ."

"ಹೂಂ ರೀ" ಅಂದ. ಆದರೆ ಬ್ಯಾಕಪ್ಪಿಗೂ ಜಾಗ ಬೇಕಲ್ಲ? ವಾರಕ್ಕಿಂತ ಹಳೇದೆಲ್ಲ ತಾನಾಗೇ ಗುಡಿಸಿ ಹೋಗುವ ಹಾಗೆ ಮಾಡಿದ. ಆ್ಯಪು ಜಿಂಕೆ ಥರ ಓಡತೊಡಗಿತು. ಆಫೀಸಿನವರೆಲ್ಲ ಬೆನ್ನು ತಟ್ಟಿದರು. ವಾದಿರಾಜನ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಎದೆ ಉಬ್ಬಿತು.

ಶ್ರಾದ್ಧ ಹತ್ತಿರ ಬಂತು ಅಂತ ಆಚಾರ್ರಿಗೆ ಫೋನ್ ಮಾಡಿದ.

"ಅವಸರ ಮಾಡಬ್ಯಾಡೋ. ಈ ಸಲ ನಡುವ ಅಧಿಕ ಮಾಸ ಬಂದದ, ತಿಥಿ ಮುಂದ ಹೋಗ್ಯದ" ಅಂದರು ಆಚಾರ್ರು.

ವಾದಿರಾಜ ಆಗಲಿ ಅಂದು ಕಾದ. ಕಾಯೋದು ಅವನಿಗೇನು ಹೊಸದೇ? ಆದರೆ ಸರ್ವರಿಗೆ ಪಂಚಾಂಗ ಯಾರು ಕಲಿಸಿದ್ದಾರೆ? ಅದಕ್ಕೆ ಗೊತ್ತಿರೋದು ಜನವರಿ, ಫೆಬ್ರವರಿ ಮಾತ್ರ. ಅದರ ಲೆಕ್ಕದಲ್ಲಿ ವರ್ಷ ತುಂಬಿತು. ಅದು ತನಗೆ ಹೇಳಿದ ಕೆಲಸವನ್ನು ನಿಯತ್ತಾಗಿ ಮಾಡಿತು.

ಶ್ರಾದ್ಧದ ದಿನ ಊಟ ಮುಗಿಸಿ, ಕೈ ತೊಳೆದು, ಮೆಟ್ಟಿಲ ಮೇಲೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ವಾದಿರಾಜ ಬಟನ್ ಒತ್ತಿದ.

'ಇಲ್ಲಿ ಯಾವ ದನಿಯೂ ಇಲ್ಲ.'

ಆ ಸಾಲು ಬರೆದವನೂ ಅವನೇ. ಮತ್ತೆ ಒತ್ತಿದ. ಮತ್ತೆ ಅದೇ. ಬ್ಯಾಕಪ್ಪಿನಲ್ಲಿ ತಡಕಾಡಿದ. ಅಲ್ಲೂ ಇರಲಿಲ್ಲ, ಅಳಿದು ವಾರ ದಾಟಿತ್ತು. ಮೇಡಂಗೆ ಫೋನ್ ಮಾಡಿ, "ಮೇಡಂ, ಅವ್ವ ಹೋದ್ಲ್ರೀ" ಅಂದ.

ಎಂದೋ ಹೋದ ಅವ್ವ ಇವತ್ತು ಹ್ಯಾಗೆ ಹೋದಳು ಅಂತ ಮೇಡಂ ಕೇಳಲಿಲ್ಲ. ಮೆತ್ತಗೆ, "ಮೊದ್ಲ ಆ ನಿಯಮ ನಿಲ್ಸು ವಾದಿ. ಮಂದಿವು ಇನ್ನೂ ಉಳದಾವು" ಅಂದರು.

ಅಲ್ಲೇ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೆರೆದು ನಿಯಮ ನಿಲ್ಲಿಸಿದ. ಅದರ ಬದಲಿಗೆ, ವರ್ಷದಿಂದ ಯಾರೂ ಕೇಳದ ದನಿ ಇದ್ದರೆ ಅದರ ಒಡೆಯರಿಗೆ ಒಂದು ಮೆಸೇಜು ಹೋಗುವ ಹಾಗೆ ಮಾಡಿದ. ಏನು ಬರೆಯಬೇಕು ಅಂತ ಯೋಚಿಸುವ ಮೊದಲೇ ಬೆರಳು ಬರೆದಿತ್ತು: 'ಒಗೆಯೋ ಮುಂದೆ ಒಂದು ಮಾತು ಕೇಳುತ್ತಿದ್ದೇವೆ. ಈ ದನಿ ನಿಮಗೆ ಬೇಕೇ?'

ಬರೆದದ್ದನ್ನು ಇನ್ನೊಮ್ಮೆ ಓದಿದ. ಇಷ್ಟು ವರ್ಷ ಅವ್ವನ ನಗು ಕೇಳಿದ್ದ. ಅವ್ವ ಹೇಳಿದ್ದು ಕಿವಿಗೆ ಬಿದ್ದದ್ದು ಇವತ್ತು.

ಉತ್ತರಗಳು ಬರತೊಡಗಿದವು. 'ಬೇಕು.' 'ಬೇಕೇ ಬೇಕ್ರೀ.' ಒಬ್ಬರು ಅಜ್ಜ ಬರೆದಿದ್ದರು: 'ಬೇಕು. ಕೇಳೋ ಧೈರ್ಯ ಇನ್ನೂ ಬಂದಿಲ್ಲ, ಅದಕ್ಕೇ ಮುಟ್ಟಿಲ್ಲ.'

ವಾದಿರಾಜ ಲ್ಯಾಪ್‌ಟಾಪ್ ಮುಚ್ಚಿದ. ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಅವ್ವನ ಹಾಗೆ ದನಿ ಮಾಡಿ, "ಖೋಡಿ!" ಅಂದು ನೋಡಿದ.

ಮಾತು ಸರಿಯಾಗಿಯೇ ಬಂತು. ನಗು ಬರಲಿಲ್ಲ.

ನೀತಿ: ಯಾರೂ ಮುಟ್ಟುತ್ತಿಲ್ಲ ಅಂದ ಮಾತ್ರಕ್ಕೆ ಅದು ಯಾರಿಗೂ ಬೇಡ ಅಂತಲ್ಲ. ಅಳಿಸುವ ಮೊದಲು ಇಟ್ಟವರನ್ನು ಕೇಳಿ. ಅಳಿಸಿದರೂ ವಾಪಸ್ ತರುವ ದಾರಿ ಇಟ್ಟುಕೊಂಡೇ ಅಳಿಸಿ. ಇನ್ನು, ಇದನ್ನು ಹತ್ತು ಜನಕ್ಕೆ ಕಳಿಸದಿದ್ದರೆ ಏನೂ ಕೆಡುಕಾಗಲ್ಲ. ಅದರ ಬದಲು ನಿಮ್ಮವರ ದನಿಯ ಇನ್ನೊಂದು ಕಾಪಿ ಇನ್ನೊಂದು ಕಡೆ ಇಡಿ. ಈಗಲೇ.