ಚಳಿಯಜ್ಜಿಗೆ ಮೋಸ ಮಾಡಿದ ಮುಳ್ಳುಹಂದಿ

ಮಕ್ಕಳೇ, ಮೊದಲು ಎದ್ದು ಆ ಕಿಟಕಿ ಮುಚ್ಚಿ ಬನ್ನಿ. ಗಾಳಿ ಬರುತ್ತಿದೆ ಅಂತ ಹೇಳಿದೆ, ಬೇರೇನೂ ಇಲ್ಲ. ಕತೆ ಮುಗಿದ ಮೇಲೆ ಹೆದರಿಕೆಯಾಯಿತು ಅಂತ ನನ್ನನ್ನು ದೂರಬೇಡಿ, ಅಷ್ಟೇ.

ಹಿಮ ಬೀಳುವ ಬೆಟ್ಟದ ಇಳಿಜಾರಿನಲ್ಲಿ ಒಂದು ಕಲ್ಲಿನ ಮನೆಯಿತ್ತು. ಅದರ ಜನ ಯಾವಾಗ ಹೋದರು, ಏಕೆ ಹೋದರು ಯಾರಿಗೂ ಗೊತ್ತಿಲ್ಲ. ಬಾಗಿಲು ಮುಚ್ಚಿತ್ತು. ಒಲೆಯ ಹೊಗೆ ಕಂಡು ಎಷ್ಟೋ ವರ್ಷವಾಗಿತ್ತು. ಆದರೆ ಹಿತ್ತಲ ಕೈತೋಟ ಹಾಗೇ ಉಳಿದಿತ್ತು. ಅಲ್ಲಿ ಮೂವರು ನೆರೆಹೊರೆಯವರು ವಾಸವಾಗಿದ್ದರು: ಹೆಗ್ಗಣ ಬಿಲ್ಲಯ್ಯ, ಮೊಲ ಕಿವಿಯಕ್ಕ, ಮುಳ್ಳುಹಂದಿ ಚೂಪಮ್ಮ.

ಮೂವರೂ ಬೆಳೆಯುತ್ತಿದ್ದದ್ದು ಮನೆಯ ಜನ ಬಿಟ್ಟುಹೋದ ಆರ್ಟಿಚೋಕ್. ನೀವು ನೋಡಿಲ್ಲವೇ? ತಾವರೆ ಮೊಗ್ಗಿಗೆ ಸಿಟ್ಟು ಬಂದು ಮೈತುಂಬ ಮುಳ್ಳು ಎದ್ದರೆ ಹೇಗಿರುತ್ತದೋ ಹಾಗಿರುತ್ತದೆ. ಪ್ರಾಣಿಗಳು ಅದನ್ನು ಮುಳ್ಳುಮೊಗ್ಗು ಅನ್ನುತ್ತಿದ್ದವು. ಎಸಳಿನ ಬುಡದಲ್ಲೂ ನಡುವಿನ ಗುಂಡಿಗೆಯಲ್ಲೂ ಮೆತ್ತನೆಯ ತಿರುಳಿರುತ್ತದೆ. ಕೀಳದೆ ಬಿಟ್ಟರೆ ನೇರಳೆ ಹೂವಾಗಿ, ಒಣಗಿ, ಬೀಜ ಕೊಡುತ್ತದೆ. ಬೇಸಿಗೆಯಲ್ಲಿ ಈ ಮೊಗ್ಗು ತಿಂದು ಮೈ ತುಂಬಿಕೊಂಡವರು ಮುಂದಿನ ಚಳಿಗಾಲವನ್ನು ಹೇಗೋ ದಾಟುತ್ತಿದ್ದರು.

ತೊಂದರೆ ಏನೆಂದರೆ, ಅಲ್ಲಿ ಬೇಸಿಗೆ ಬಲು ಚಿಕ್ಕದು. ಗಿಡಕ್ಕೋ ಒಂದು ಹಟ. ತನಗೆ ಒಂದು ಚಳಿಗಾಲ ಕಳೆಯಿತು ಅನ್ನಿಸುವ ತನಕ ಅದು ಮೊಗ್ಗು ಬಿಡುವುದಿಲ್ಲ. ಆದ್ದರಿಂದ ಅದನ್ನು ನಂಬಿಸಬೇಕು. ಹಿಮ ಇರುವಾಗಲೇ ಬೀಜ ನೆನೆಸಿ, ಗೊಬ್ಬರದ ಗುಂಡಿಯ ಬಿಸಿಯಲ್ಲಿ ಮೊಳಕೆ ಬರಿಸಬೇಕು. ಸಸಿ ನಾಲ್ಕೆಲೆ ಬಿಟ್ಟು ನಿಂತ ಮೇಲೆ, ಚಳಿಗಾಲದ ಕೊನೆಯಲ್ಲಿ, ಅದರ ಕುಂಡವನ್ನು ಆ ಖಾಲಿ ಮನೆಯ ಕಲ್ಲಿನ ಮೆಟ್ಟಿಲ ಮೇಲೆ ಇಟ್ಟು ಬರಬೇಕು. ಕೆಲವು ದಿನ ಅಲ್ಲಿ ನಡುಗಿದರೆ ಸಾಕು, ಸಸಿ ಚಳಿಗಾಲ ಮುಗಿಯಿತೆಂದು ನಂಬಿಬಿಡುತ್ತದೆ.

ಅದನ್ನು ನಂಬಿಸುವವಳು ಚಳಿಯಜ್ಜಿ.

ಅವಳು ಬರುವುದು ಕತ್ತಲಲ್ಲಿ ಅಲ್ಲ ಮಕ್ಕಳೇ, ಮಟಮಟ ಮಧ್ಯಾಹ್ನದಲ್ಲಿ. ಬಿಸಿಲು ಇದ್ದಕ್ಕಿದ್ದಂತೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಹಕ್ಕಿಗಳು ಸುಮ್ಮನಾಗುತ್ತವೆ. ಮುಚ್ಚಿದ ಮನೆಯ ಬಾಗಿಲು ತೆರೆದ ಸದ್ದಾಗುತ್ತದೆ, ಆದರೆ ಬಾಗಿಲು ಮುಚ್ಚಿಯೇ ಇರುತ್ತದೆ. ಆಮೇಲೆ ಮೆಟ್ಟಿಲ ಮೇಲೆ ಒಣ ಎಲೆ ಎಳೆದಂಥ ಸದ್ದು. ಆಗ ಎಲ್ಲರೂ ಬಿಲದೊಳಗೆ ಕೂತು ಕಣ್ಣು ಮುಚ್ಚಿಕೊಳ್ಳಬೇಕು. ಪ್ರತಿಯೊಂದು ಕುಂಡದ ಮುಂದೆಯೂ ಅಜ್ಜಿ ನಿಂತು ಕೇಳುತ್ತಾಳೆ: "ಯಾರದಿದು?"

ಕುಂಡ ಇಟ್ಟವರು ಒಳಗಿನಿಂದಲೇ ಹೇಳಬೇಕು: "ನಿನ್ನದೇ, ಅಜ್ಜಿ."

ಬೇರೆ ಉತ್ತರ ಕೊಟ್ಟರೆ ಏನಾಗುತ್ತದೆ? ಅದು ಯಾರಿಗೂ ಗೊತ್ತಿಲ್ಲ. ಯಾರೂ ಕೊಟ್ಟು ನೋಡಿರಲಿಲ್ಲ.

ಆ ವರ್ಷ ಚೂಪಮ್ಮ ನೆನೆಸಿದ ಬೀಜಗಳಲ್ಲಿ ಹೆಚ್ಚಿನವು ಬಿಳಿಚಿಕೊಂಡೇ ಹುಟ್ಟಿದವು. ಎಲೆಯಲ್ಲಿ ಒಂದಿಷ್ಟೂ ಹಸಿರಿಲ್ಲ. ಹುಟ್ಟಿದ ಹಾಗೇ ಮಲಗಿ ಸತ್ತವು. ಒಂದೇ ಒಂದು ಸಸಿ ಹಸಿರಾಗಿ ನಿಂತಿತು. ಅದರ ಎಲೆಯಂಚಿನಲ್ಲಿ ಪುಟ್ಟ ಪುಟ್ಟ ಮುಳ್ಳು ಮೂಡಿದ್ದನ್ನು ನೋಡಿ ಚೂಪಮ್ಮ ಅತ್ತುಬಿಟ್ಟಳು. ಅವಳಿಗೊಂದು ಮರಿಯಿತ್ತು. ಅದರ ಮುಳ್ಳು ಇನ್ನೂ ಗಟ್ಟಿಯಾಗಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಅದು ಬಿಲದಾಚೆ ಹೋಗಿದ್ದು ತಿರುಗಿ ಬರಲಿಲ್ಲ.

ಕುಂಡ ಇಡುವ ದಿನ ಬಂತು. ಬಿಲ್ಲಯ್ಯ ತನ್ನ ಕುಂಡ ಉರುಳಿಸಿಕೊಂಡು ಬಂದ.

"ಚೂಪಕ್ಕಾ, ಏಳು. ಹೊತ್ತಾಯ್ತು. ನಿನ್ನ ಸಸಿ ಎಲ್ಲಿ?"

"ನೀನು ನಡಿ ಬಿಲ್ಲಯ್ಯ, ನಾನು ತರ್ತೀನಿ."

"ಬೇಗ ಬಾ. ಹಿಮ ಗಟ್ಟಿಯಾಗಿ ಬಿದ್ದರೆ ಮೇಲೆ ಒಣಹುಲ್ಲು ಹೊದಿಸೋಣ. ನಾನೇ ನೋಡ್ಕೋತೀನಿ, ಹೆದರಬೇಡ."

"ಹೆದರೋದು ಯಾರು!" ಅಂದಳು ಚೂಪಮ್ಮ. ಅವಳ ಮೈಯ ಮುಳ್ಳೆಲ್ಲ ಎದ್ದು ನಿಂತಿತ್ತು.

ಬಿಲ್ಲಯ್ಯ ಹೋದ ಮೇಲೆ ಅವಳು ಸಸಿಯ ಮುಂದೆ ಕೂತಳು. "ನಿನ್ನನ್ನ ಅವಳ ಕೈಗೆ ಕೊಡ್ಲಾ? ನಿನ್ನದೇ ಅಂತ ನನ್ನ ಬಾಯಿಂದಲೇ ಹೇಳ್ಲಾ? ಒಂದು ಸಲ ಕೊಟ್ಟಿದ್ದು ಸಾಲದಾ?" ಅಂತ ಕೇಳಿದಳು. ಸಸಿ ಏನು ಹೇಳೀತು, ಪಾಪ.

ಚೂಪಮ್ಮ ಒಂದು ಉಪಾಯ ಮಾಡಿದಳು. ಸಸಿಯನ್ನು ಬಿಲದ ಹಿಂದಿನ ಮೂಲೆಗೆ, ಗೊಬ್ಬರದ ಗುಂಡಿಯ ಬಿಸಿ ತಾಗುವಲ್ಲಿಗೆ ಸರಿಸಿದಳು. ಬೇಲಿಯಲ್ಲಿ ಸತ್ತು ನಿಂತಿದ್ದ ಕಾಡು ಮುಳ್ಳುಗಿಡವೊಂದನ್ನು ಕಿತ್ತು ತಂದು ಬೇರೆ ಕುಂಡದಲ್ಲಿ ನೆಟ್ಟಳು. ಅದು ಬೋಳಾಗಿ ಕಂಡಿತು. ಬಿಲದಲ್ಲಿ ಉದುರಿ ಬಿದ್ದಿದ್ದ ತನ್ನದೇ ಮುಳ್ಳುಗಳನ್ನು ಆಯ್ದು ಸುತ್ತಲೂ ಚುಚ್ಚಿದಳು. ದೂರದಿಂದ ನೋಡಿದರೆ ಸಸಿಯೇ! ಅದನ್ನು ಒಯ್ದು ಮೆಟ್ಟಿಲ ಮೇಲೆ ಇಟ್ಟಳು. ಕುಂಡಗಳನ್ನು ತಿರುಗಿ ಒಳಗೆ ತರುವ ದಿನ ಬಿಲದಲ್ಲಿ ಕಣ್ಣು ಮುಚ್ಚಿ ಕೂತಳು. ಬೆನ್ನಿಗೆ ಸಸಿಯ ಎಲೆ ತಾಗುತ್ತಿತ್ತು.

ಬಿಸಿಲು ಬೂದಿಯಾಯಿತು. ಬಾಗಿಲು ತೆರೆದ ಸದ್ದಾಯಿತು. ಮೆಟ್ಟಿಲ ಮೇಲೆ ಒಣ ಎಲೆ ಎಳೆದ ಸದ್ದು ಬಂತು.

"ಯಾರದಿದು?"

"ನಿನ್ನದೇ, ಅಜ್ಜಿ," ಅಂದ ಬಿಲ್ಲಯ್ಯ. ಗಡಸು ಗಂಟಲಿನವನಾದರೂ ಆಗ ಮೆಲ್ಲಗೆ ಹೇಳಿದ.

"ಯಾರದಿದು?"

"ನಿ... ನಿನ್ನದೇ, ಅಜ್ಜಿ," ಅಂದಳು ಕಿವಿಯಕ್ಕ. ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

ಸದ್ದು ಮೂರನೆಯ ಕುಂಡದ ಬಳಿ ಬಂದು ನಿಂತಿತು.

"ಯಾರದಿದು?"

"ನಿನ್ನದೇ ಅಜ್ಜಿ, ನಿನ್ನದೇ!" ಅಂದಳು ಚೂಪಮ್ಮ. ಕೊಡುವ ಸಂಕಟ ಇಲ್ಲದ್ದರಿಂದ ಮಾತು ಸಲೀಸಾಗಿ ಬಂತು.

ಅಜ್ಜಿ ಹೋಗಲಿಲ್ಲ. ಯಾವತ್ತೂ ಎರಡನೇ ಸಲ ಕೇಳದವಳು ಮತ್ತೆ ಕೇಳಿದಳು. ಈ ಸಲ ದನಿ ಬಿಲದ ಬಾಯಿಗೆ ಹತ್ತಿರವಾಗಿತ್ತು.

"ಇದು ಯಾರದು?"

ಚೂಪಮ್ಮ ಸಸಿಗೆ ಇನ್ನಷ್ಟು ಒತ್ತಿ ಕೂತಳು. ಮೆಟ್ಟಿಲ ಕಡೆಯಿಂದ ಮಣ್ಣಿನಿಂದ ಏನನ್ನೋ ಮೆಲ್ಲಗೆ ಕೀಳುವ ಸದ್ದು ಬಂತು. ಒಂದಾದ ಮೇಲೆ ಒಂದು, ಒಂದಾದ ಮೇಲೆ ಒಂದು. ಆಮೇಲೆ ಹಕ್ಕಿಗಳು ಕೂಗತೊಡಗಿದವು.

ಹೊರಗೆ ಬಂದು ನೋಡಿದರೆ ಸತ್ತ ಗಿಡ ಕುಂಡದಲ್ಲೇ ಇತ್ತು. ಸುತ್ತ ಚುಚ್ಚಿದ್ದ ಮುಳ್ಳುಗಳು ಮಾತ್ರ ಇರಲಿಲ್ಲ. ಯಾರೂ ನೋಡುವ ಮೊದಲೇ ಚೂಪಮ್ಮ ಆ ಕುಂಡವನ್ನು ಬೇಲಿಯಾಚೆ ಎಸೆದುಬಿಟ್ಟಳು.

"ಅಕ್ಕಾ, ನಿನ್ನ ಹತ್ರ ಅಜ್ಜಿ ಎರಡು ಸಲ ಕೇಳಿದ ಹಾಗಾಯ್ತಲ್ಲ?" ಅಂದ ಬಿಲ್ಲಯ್ಯ.

"ನಿನ್ನ ಕಿವಿಯಲ್ಲಿ ಮಣ್ಣು ತುಂಬಿದೆ. ತೆಗೆಸ್ಕೋ ಹೋಗು," ಅಂದಳು ಚೂಪಮ್ಮ.

ಹಿಮ ಕರಗಿತು. ಮೂವರೂ ಸಸಿಗಳನ್ನು ಪಾತಿಗೆ ನೆಟ್ಟರು. ಮೆಟ್ಟಿಲ ಮೇಲೆ ನಡುಗಿ ಬಂದ ಸಸಿಗಳು ಕುಳ್ಳಗೆ, ಅಂಚು ಸುಟ್ಟು, ಮುಖ ಗಂಟು ಹಾಕಿಕೊಂಡಿದ್ದವು. ಚೂಪಮ್ಮನದು ಎಳಸಾಗಿ ಅವುಗಳ ಎರಡರಷ್ಟು ಎತ್ತರವಿತ್ತು.

"ಏನು ಹಾಕಿ ಸಾಕಿದೆ ಅಕ್ಕಾ?" ಅಂತ ಕಿವಿಯಕ್ಕ ಬಾಯಿ ಬಿಟ್ಟಳು.

"ಪ್ರೀತಿ ಹಾಕಿ," ಅಂದಳು ಚೂಪಮ್ಮ. ಅದೇನೂ ಸುಳ್ಳಲ್ಲ.

ಬೇಸಿಗೆ ಬಂತು. ಕುಳ್ಳ ಗಿಡಗಳ ನಡುವೆ ದಂಟು ಎದ್ದಿತು, ದಂಟಿನ ತುದಿಗೆ ಮುಳ್ಳುಮೊಗ್ಗು ಕೂತಿತು. ಬಿಲ್ಲಯ್ಯನ ಮನೆಯಲ್ಲಿ ದಿನಾ ಹಬ್ಬ. ಚೂಪಮ್ಮನ ಗಿಡದಲ್ಲಿ ಬರೀ ಎಲೆ. ಬೆಳ್ಳಿ ಬಣ್ಣದ ಅಗಲ ಎಲೆಗಳು ಬಿಲದ ಬಾಯಿಗೆ ಚಪ್ಪರದಂತೆ ಹರಡಿಕೊಂಡವು. ಅವಳು ಬೆಳಿಗ್ಗೆ ಎದ್ದವಳೇ ಎಲೆ ಸರಿಸಿ ನಡುವಿಗೆ ಇಣುಕುತ್ತಿದ್ದಳು. ಅಲ್ಲಿ ಇನ್ನೊಂದು ಎಲೆ ಸುರುಳಿ ಬಿಚ್ಚುತ್ತಿರುತ್ತಿತ್ತು. ಗಾಳಿಯೇ ಇಲ್ಲದ ಹೊತ್ತಿನಲ್ಲೂ ಆ ಎಲೆಗಳು ಅವಳ ಕಡೆಗೆ ವಾಲುತ್ತಿದ್ದವು. ಕಿವಿಯಕ್ಕ ಅದನ್ನು ನೋಡಿದ ದಿನದಿಂದ ಆ ದಾರಿಯಲ್ಲಿ ಓಡಾಡುವುದನ್ನು ಬಿಟ್ಟಳು.

ಬಿಲ್ಲಯ್ಯ ಎರಡು ಮೊಗ್ಗು ತಂದು ಚೂಪಮ್ಮನ ಮುಂದೆ ಇಟ್ಟು, "ತಿನ್ನು," ಅಂದ. "ಈಗ ನಿಜ ಹೇಳು. ಮೆಟ್ಟಿಲ ಮೇಲೆ ಇಟ್ಟಿದ್ದು ಈ ಸಸಿಯನ್ನೇನಾ?"

"ಮತ್ತೆ ಯಾವುದನ್ನ ಇಡ್ತಾರೆ?"

"ಇಟ್ಟಿದ್ರೆ ಮೊಗ್ಗು ಬರಬೇಕಿತ್ತು ಅಕ್ಕಾ. ಚಳಿ ನೋಡದ ಗಿಡಕ್ಕೆ ತಾನು ದೊಡ್ಡದಾದದ್ದೇ ಗೊತ್ತಾಗಲ್ಲ. ಇನ್ನೂ ಮಗು ಅಂದ್ಕೊಂಡಿರುತ್ತೆ."

ಚೂಪಮ್ಮನಿಗೆ ಅದನ್ನು ಕೇಳಿ ಒಳಗೊಳಗೇ ಹಿಗ್ಗಾಯಿತು. ಮೊಗ್ಗು ಇಲ್ಲದಿದ್ದರೆ ಬೇಡ, ನನ್ನ ಹತ್ತಿರ ಮಗುವಾಗಿಯೇ ಇರಲಿ ಅಂದುಕೊಂಡಳು. ನೋಡಿ ಮಕ್ಕಳೇ, ನನಗೆ ಅವಳ ಮೇಲೆ ಸಿಟ್ಟು ಬರುವುದು ಇಲ್ಲೇ. ಅಳುವೂ ಬರುತ್ತದೆ.

ಬೇಸಿಗೆ ಮುಗಿದು ಗಾಳಿ ತಿರುಗಿತು. ಬಿಲ್ಲಯ್ಯನೂ ಕಿವಿಯಕ್ಕನೂ ತಮ್ಮ ಗಿಡಗಳನ್ನು ಬುಡದ ತನಕ ಕತ್ತರಿಸಿ, ಮೇಲೆ ಮಣ್ಣು ಏರಿಸಿ, ಒಣಹುಲ್ಲು ಹೊದಿಸಿದರು.

"ಅಕ್ಕಾ, ಕತ್ತರಿಸು. ಬೇರು ಉಳಿದ್ರೆ ಮುಂದಿನ ವರ್ಷ ಮೊಗ್ಗು ಬರುತ್ತೆ. ನಾನು ಹುಲ್ಲು ತರ್ತೀನಿ," ಅಂದ ಬಿಲ್ಲಯ್ಯ.

"ಇದರ ಎಲೆಗೆ ನಾನು ಹಲ್ಲು ಹಾಕ್ಲಾ? ಕೊಯ್ದರೆ ನೋಯೋದಿಲ್ವಾ? ನಾನಿದ್ದೀನಿ, ಪಕ್ಕದಲ್ಲೇ ಕೂರ್ತೀನಿ. ಹೋಗು ನೀನು."

ಹಾಗೆ ಅವಳು ಗಿಡದ ಬುಡಕ್ಕೆ ಮೈ ಒತ್ತಿ ಕೂತಳು. ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಬಿಸಿಲು ಬೂದಿಯಾಯಿತು.

ಬಾಗಿಲು ತೆರೆದ ಸದ್ದಾಯಿತು. ಮೆಟ್ಟಿಲ ಮೇಲೆ ಒಂದೂ ಕುಂಡ ಇರಲಿಲ್ಲ. ಒಣ ಎಲೆಯ ಸದ್ದು ಮೆಟ್ಟಿಲು ಇಳಿದು ತೋಟದೊಳಕ್ಕೆ ಬಂತು. ಬಿಲ್ಲಯ್ಯನ ಪಾತಿಯ ಬಳಿ ನಿಲ್ಲಲಿಲ್ಲ. ಕಿವಿಯಕ್ಕನ ಪಾತಿಯ ಬಳಿಯೂ ನಿಲ್ಲಲಿಲ್ಲ. ಅದು ಹಾದುಬಂದ ಕಡೆಯೆಲ್ಲ ಹುಲ್ಲು ಬೆಳ್ಳಗಾಗುತ್ತಾ ಬಂತು.

ಚೂಪಮ್ಮ ಕಣ್ಣು ಮುಚ್ಚಲು ಮರೆತಳು. ಹಾಗಾಗಿ ಅವಳೊಬ್ಬಳೇ ಅಜ್ಜಿಯನ್ನು ನೋಡಿದ್ದು. ತುಂಬ ಮುದುಕಿ, ತುಂಬ ಮೆತ್ತಗಿನ ಮುಖ, ನಮ್ಮ ನಿಮ್ಮ ಅಜ್ಜಿಯ ಹಾಗೆಯೇ. ಪಾದ ಮಾತ್ರ ಇರಲಿಲ್ಲ. ಮಡಿಲಲ್ಲಿ ಏನನ್ನೋ ಕಟ್ಟಿಕೊಂಡಿದ್ದಳು. ಎದುರಿಗೆ ಬಂದು ಮಡಿಲು ಬಿಚ್ಚಿದಳು. ಒಳಗೆ ಮುಳ್ಳುಗಳಿದ್ದವು.

"ಇವು ಯಾರವು?"

ಮುಳ್ಳು ಚೂಪಮ್ಮನ ಮೈಯವು. ಅವನ್ನು "ನಿನ್ನದೇ" ಅಂದವಳೂ ಅವಳೇ. ಮುಳ್ಳು ಅಜ್ಜಿಯದಾದರೆ ಮುಳ್ಳು ಹೊತ್ತ ಮೈ ಯಾರದು? ಅಜ್ಜಿ ತನ್ನನ್ನೇ ಕರೆದೊಯ್ಯಲು ಬಂದಿದ್ದಾಳೆ!

ಅವಳು ಹಿಂದೆ ಹಿಂದೆ ಸರಿದು ಬಿಲದ ಬಾಯಿಗೆ ಬಂದಳು. ಬೆನ್ನಿಗೆ ಗಿಡದ ಎಲೆ ತಾಗಿತು. ಅದನ್ನು ಮುಂದಕ್ಕೆ ತಳ್ಳಿ ಕೂಗಿದಳು:

"ನನ್ನನ್ನ ಬಿಟ್ಟುಬಿಡು ಅಜ್ಜಿ! ಇಗೋ, ಅವತ್ತು ಬಚ್ಚಿಟ್ಟಿದ್ದು ಇದನ್ನೇ. ಇದು ನಿನ್ನದೇ. ಇದನ್ನ ತಗೊಂಡು ಹೋಗು!"

ಕೆಲವು ದಿನದ ಮಟ್ಟಿಗೂ ಕೊಡಲಾರದೆ ಇದ್ದವಳು ಪೂರ್ತಿಯಾಗಿ ಕೊಟ್ಟುಬಿಟ್ಟಳು. ಕೊಟ್ಟು ಬಿಲದೊಳಗೆ ನುಗ್ಗಿದಳು.

ಹೊರಗೆ ಅಜ್ಜಿ ನಿಟ್ಟುಸಿರು ಬಿಟ್ಟಳು. ಬಿಲದ ಗೋಡೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿತು.

"ನಿನ್ನ ಮುಳ್ಳು ತಿರುಗಿ ಕೊಡೋಕೆ ಬಂದೆ ಮಗಳೇ," ಅಂದಳು. "ಸತ್ತ ಗಿಡ, ಉದುರಿದ ಮುಳ್ಳು ನನಗ್ಯಾಕೆ? ನಾನು ಯಾರದನ್ನೂ ಒಯ್ಯೋದಿಲ್ಲ. ನಿನ್ನ ಮರಿಯನ್ನೂ ಒಯ್ಯಲಿಲ್ಲ. ಹಾದುಹೋಗ್ತಾ ಮುಟ್ತೀನಿ, ಅಷ್ಟೇ."

ಮೆಟ್ಟಿಲ ಮೇಲಿದ್ದ ಎಳೆ ಸಸಿಗಳನ್ನು ಹೇಗೆ ಮುಟ್ಟಿದ್ದಳೋ ಹಾಗೆಯೇ, ಅಷ್ಟೇ ಮೆತ್ತಗೆ, ಆ ದೊಡ್ಡ ಗಿಡದ ಒಂದು ಎಲೆಯನ್ನು ಒಂದು ಬೆರಳಿಂದ ಮುಟ್ಟಿ ಬೆಟ್ಟದ ಮೇಲಕ್ಕೆ ಹೋದಳು.

ಹಕ್ಕಿಗಳು ಕೂಗಿದ ಮೇಲೆ ಚೂಪಮ್ಮ ಹೊರಗೆ ಬಂದಳು. ಎಲೆಗಳೆಲ್ಲ ಕಪ್ಪಾಗಿ, ಒದ್ದೆ ಬಟ್ಟೆಯಂತೆ ನೆಲಕ್ಕೆ ಅಂಟಿದ್ದವು. ಬುಡ ಅಗೆದಳು. ಬೇರು ಬೆಂದ ಗೆಣಸಿನ ಹಾಗೆ ಬೆರಳಿಗೆ ಹತ್ತಿತು. ಬಿಲ್ಲಯ್ಯ ಓಡಿ ಬಂದು ತನ್ನ ಪಾತಿಯ ಹುಲ್ಲು ಸರಿಸಿ ನೋಡಿದ. ಒಳಗೆ ಬುಡ ಗಟ್ಟಿಯಾಗಿ, ಬೆಳ್ಳಗೆ, ನಿದ್ದೆ ಮಾಡುತ್ತಿತ್ತು.

"ಅಜ್ಜಿ ಒಯ್ದುಬಿಟ್ಟಳಾ ಅಕ್ಕಾ?" ಅಂತ ಕೇಳಿದ.

"ಇಲ್ಲ ಬಿಲ್ಲಯ್ಯ," ಅಂದಳು ಚೂಪಮ್ಮ. "ಅವಳು ಮುಟ್ಟಿದಳು ಅಷ್ಟೇ. ಮುಟ್ಟಿದ್ದನ್ನ ತಡೆಯೋದು ಅದಕ್ಕೆ ಗೊತ್ತಿರಲಿಲ್ಲ. ನಾನು ಕಲಿಸಲೇ ಇಲ್ಲ."

ನೀತಿ: ಸಣ್ಣ ಚಳಿಯೂ ತಾಗದಂತೆ ಬಚ್ಚಿಟ್ಟು ಸಾಕಿದ್ದು, ದೊಡ್ಡ ಚಳಿ ಬಂದ ದಿನ ಉಳಿಯುವುದಿಲ್ಲ.