ಹೊಳೆಮತ್ತಿ ತೊಗಟೆ ಬಿಟ್ಟದ್ದು

ಭೂಮಿ ಆಗಿನ್ನೂ ಹೊಸದು, ಮಣ್ಣಿನ ತೇವ ಆರಿರಲಿಲ್ಲ. ಹೊಳೆ ಮಾತಾಡುತ್ತಿತ್ತು, ಮರ ಮಾತಾಡುತ್ತಿತ್ತು, ಜ್ವರವೂ ಮಾತಾಡುತ್ತಿತ್ತು. ಹೊಳೆದಂಡೆಯ ಮತ್ತಿಮರಕ್ಕೆ ಆಗ ದಪ್ಪನೆಯ ಕರಿ ತೊಗಟೆ ಇತ್ತು.

ಆ ದಂಡೆಯಲ್ಲಿ ಮಾಳವ್ವ ಅಣ್ಣ ಬೀರನ ಜೊತೆ ಇದ್ದಳು. ಬೀರ ಹರಿಗೋಲು ಹಾಕುವವನು. ಒಂದು ದಿನ ಅವನ ಅಂಗಾಲಿಗೆ ಮೀನಿನ ಮುಳ್ಳು ಹೊಕ್ಕಿತು. ಕಾಲು ಬಾತು ಕೀವಾಯಿತು. ಗಾಯದ ದಾರಿಯಲ್ಲೇ ಜ್ವರ ಒಳಗೆ ಬಂತು.

ಮಾಳವ್ವ ಕೀವು ತೆಗೆದು ಅರಿಸಿನ ಮೆತ್ತಿದಳು. ಎದೆಯ ಮೇಲೆ ಕೈಯಿಟ್ಟು ನೋಡಿದಳು. ಅಣ್ಣನ ಗುಂಡಿಗೆ ಓಡುತ್ತಿತ್ತು, ಮುಗ್ಗರಿಸುತ್ತಿತ್ತು, ಮತ್ತೆ ಓಡುತ್ತಿತ್ತು.

"ಇವನನ್ನು ಬಿಟ್ಟು ಹೋಗು," ಎಂದಳು ಜ್ವರಕ್ಕೆ.

"ಗಾಯ ಮಾಗಿದರೆ ಹೋಗುತ್ತೇನೆ," ಎಂದಿತು ಜ್ವರ. "ಆದರೆ ಅಲ್ಲಿಯವರೆಗೆ ಇವನ ಗುಂಡಿಗೆ ತಡೆಯುವುದಿಲ್ಲ. ನನ್ನನ್ನು ಕಂಡು ಹೆದರಿ ಓಡುತ್ತಿದೆ."

ಮಾಳವ್ವ ಹೊಳೆಯ ಬಳಿ ಹೋದಳು. "ತಾಯಿ, ಹೆದರದೆ ನಿಲ್ಲುವುದು ಯಾರಿಗೆ ಗೊತ್ತು?"

"ನಾನು ಬಂಡೆಗಳನ್ನೇ ಉರುಳಿಸಿದವಳು ಮಗಳೇ," ಎಂದಿತು ಹೊಳೆ. "ಆ ಮತ್ತಿಮರವನ್ನು ಮಾತ್ರ ಅಲುಗಿಸಲಾಗಲಿಲ್ಲ. ನನ್ನ ಏಟನ್ನೆಲ್ಲ ಅದರ ತೊಗಟೆ ತಡೆದುಕೊಳ್ಳುತ್ತದೆ. ಅದನ್ನು ಕೇಳು."

ಮಾಳವ್ವ ಮರದ ಬಳಿ ಹೋಗಿ ತೊಗಟೆ ಕೇಳಿದಳು.

"ತೊಗಟೆ ಹೋದರೆ ಹೊದೆಯಲು ನನಗೆ ಬೇರೇನಿಲ್ಲ ತಂಗಿ," ಎಂದಿತು ಮರ. "ಬಿಸಿಲಿಗೆ ಮೈ ಸುಡುತ್ತದೆ."

"ಗೊತ್ತು. ಅವನು ಹೋದರೆ ನನಗೂ ಯಾರಿಲ್ಲ."

"ಹಾಗಾದರೆ ಮೇಲಿನದಷ್ಟೇ ಎಬ್ಬಿಸಿಕೋ. ಕೊಡಲಿ ಹಾಕಬೇಡ."

ಮಾಳವ್ವ ಚಿಪ್ಪಿನಿಂದ ಮೆಲ್ಲಗೆ ಕೆರೆದು ತೊಗಟೆ ತಂದಳು, ಕುದಿಸಿ ಕಷಾಯ ಕುಡಿಸಿದಳು. ಜ್ವರ ಹೋಗಲಿಲ್ಲ. ಮೈ ಸುಡುತ್ತಲೇ ಇತ್ತು. ಆದರೆ ಓಡುತ್ತಿದ್ದ ಗುಂಡಿಗೆ ನಿಧಾನಕ್ಕೆ ನಡೆಯತೊಡಗಿತು, ಮುಗ್ಗರಿಸುವುದನ್ನು ಬಿಟ್ಟಿತು. ಗಾಯ ಮಾಗಿತು. ಜ್ವರ ಎದ್ದು ಹೋಯಿತು. ಬೀರ ಕಣ್ಣು ಬಿಟ್ಟು ಗಂಜಿ ಕೇಳಿದ.

ಸುದ್ದಿ ಹಬ್ಬಿತು. ಜನ ಕೊಡಲಿ ಹಿಡಿದು ಬಂದರು. ಮಾಳವ್ವ ಮರಕ್ಕೆ ಅಡ್ಡ ನಿಂತಳು.

"ನಿನ್ನ ಅಣ್ಣ ಉಳಿದನಲ್ಲ ತಾಯಿ," ಎಂದ ಒಬ್ಬ. "ನನ್ನ ಹೆಂಡತಿ ಮನೆಯಲ್ಲಿ ಜ್ವರದಿಂದ ಬೇಯುತ್ತಿದ್ದಾಳೆ. ಸರಿ ಆಚೆ."

ಮಾಳವ್ವ ಮರವನ್ನು ತಬ್ಬಿಕೊಂಡಳು. ಸರಿಯಲಿಲ್ಲ.

ಮರವೇ ಮಾತಾಡಿತು. "ಕಡಿದರೆ ಈ ಸಲಕ್ಕಷ್ಟೇ ಆಗುತ್ತೇನೆ. ಕೊಡಲಿ ಇಳಿಸಿ. ವರ್ಷ ವರ್ಷ ನಾನೇ ಬಿಡುತ್ತೇನೆ, ಬಿದ್ದದ್ದನ್ನು ಆರಿಸಿಕೊಳ್ಳಿ." ಹಾಗೆಂದು ಮೈ ಕೊಡವಿತು. ಕರಿ ತೊಗಟೆಯೆಲ್ಲ ಚಕ್ಕೆ ಚಕ್ಕೆಯಾಗಿ ಉದುರಿತು. ಮೊದಲ ಚಕ್ಕೆಯನ್ನು ಮಾಳವ್ವ ಎತ್ತಿ ಆ ಗಂಡಸಿನ ಕೈಗೆ ಕೊಟ್ಟಳು.

ಅದಕ್ಕೇ ಇವತ್ತಿಗೂ ಹೊಳೆಮತ್ತಿ ತೊಗಟೆ ಕಳಚಿಕೊಂಡು, ನುಣ್ಣನೆಯ ಬೆಳ್ಳನೆ ಮೈಯಲ್ಲಿ ನೀರಿನ ದಂಡೆಗೆ ನಿಂತಿರುತ್ತದೆ.